ಅಂಗಡಿ, ಹೋಂಸ್ಟೇ, ಮಿಲ್ಲು ಮಾರುವಾಗ ಬೆಲೆ ಕಟ್ಟುವುದು ಹೇಗೆ? ಯಾವ ಲೆಕ್ಕ ಯಾರಿಗೆ ಸರಿ?

ನಮ್ಮಪ್ಪ ಗೋಣಿಕೊಪ್ಪಲಿನಲ್ಲಿ 26 ವರ್ಷ ಕಾಫಿಪುಡಿ ಅಂಗಡಿ ನಡೆಸಿದರು. ಮಂಡಿನೋವು ಜಾಸ್ತಿಯಾದ ಮೇಲೆ ಮಾರಿದರು. ಕೊಳ್ಳಲು ಬಂದವರು ಹುರಿಯುವ ಡ್ರಮ್ ನೋಡಿದರು, ಬೀಸುವ ಮೆಷಿನ್ ನೋಡಿದರು. ತಕ್ಕಡಿ, ಕೌಂಟರ್, ಡಬ್ಬಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೂಡಿಸಿದರು. ಬಂದ ಮೊತ್ತ 1 ಲಕ್ಷದ 85 ಸಾವಿರ. ಅಪ್ಪ ಒಪ್ಪಿಕೊಂಡರು. ಬೀಗದ ಕೈ ಕೊಟ್ಟಾದ ಮೇಲೆ, ಅವರು ಕೇಳದಿದ್ದರೂ, ನೋಟ್‌ಬುಕ್ಕಿನ ಒಂದು ಹಾಳೆ ಹರಿದು ತಮ್ಮ ಮಿಕ್ಸಿಂಗ್ ಬರೆದುಕೊಟ್ಟರು. ಯಾವ ಮನೆಗೆ ಪೀಬೆರಿ ಎಷ್ಟು, ರೊಬಸ್ಟಾ ಎಷ್ಟು, ಚಿಕೋರಿ ಎಷ್ಟು, ಯಾವ ಹೋಟೆಲಿನವರಿಗೆ ಹುರಿ ಸ್ವಲ್ಪ ಕಪ್ಪಗಿರಬೇಕು, ಎಲ್ಲ. ಹಾಳೆಯ ಎರಡೂ ಬದಿ ತುಂಬಿತ್ತು. ಆ ಹಾಳೆಗೆ ಯಾರೂ ಒಂದು ರೂಪಾಯಿ ಕೊಡಲಿಲ್ಲ. ನಾವೂ ಕೇಳಲಿಲ್ಲ. ಅದಕ್ಕೂ ದುಡ್ಡು ಕೇಳಬಹುದು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಈಗ ನಾನು ಇದೇ ಊರಲ್ಲಿ ಲೆಕ್ಕಪತ್ರ, ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಕೆಲಸ ಮಾಡುತ್ತೇನೆ. ವರ್ಷಕ್ಕೆ ಮೂರ್ನಾಲ್ಕು ಮನೆಯವರು ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ವಾಪಸ್ ಬರುವುದಿಲ್ಲ, ಬೇಕರಿ ಮಾರಬೇಕು, ಹೋಂಸ್ಟೇ ಮಾರಬೇಕು, ಎಷ್ಟು ಕೇಳಲಿ? ಷೇರು ಮಾರ್ಕೆಟ್ಟಿನಲ್ಲಿರುವ ಕಂಪನಿಯಾದರೆ ಮೊಬೈಲ್ ತೆಗೆದರೆ ಬೆಲೆ ಕಾಣುತ್ತದೆ. ನಮ್ಮ ಸ್ವಂತ ವ್ಯಾಪಾರಕ್ಕೆ ಹಾಗೆ ಎಲ್ಲೂ ಬೋರ್ಡಿನಲ್ಲಿ ದರ ಹಾಕಿರುವುದಿಲ್ಲ. ಲೆಕ್ಕ ಹಾಕಿಯೇ ಕಂಡುಕೊಳ್ಳಬೇಕು. ಆ ಲೆಕ್ಕದಲ್ಲಿ ನಾಲ್ಕೈದು ಬಗೆ ಇದೆ. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಜಾಗ ಬೇರೆ, ವ್ಯಾಪಾರ ಬೇರೆ

ಯಾವ ಲೆಕ್ಕವನ್ನೇ ಆರಿಸಿ, ಅದಕ್ಕೆ ಮೊದಲು ಈ ಕೆಲಸ ಆಗಬೇಕು. ಕೊಡಗಿನಲ್ಲಿ ನಾವು ಎಲ್ಲವನ್ನೂ ಎಕರೆ ಲೆಕ್ಕದಲ್ಲಿ, ಸೆಂಟ್ಸ್ ಲೆಕ್ಕದಲ್ಲಿ ಯೋಚಿಸುತ್ತೇವೆ. ಹಾಗಾಗಿ ಜಾಗದ ಬೆಲೆಯೂ ವ್ಯಾಪಾರದ ಬೆಲೆಯೂ ಕಲಸಿಹೋಗಿರುತ್ತವೆ.

ಮಡಿಕೇರಿ ಹತ್ತಿರ ಐದು ರೂಮಿನ ಹೋಂಸ್ಟೇ ಒಂದಿದೆ ಅಂದುಕೊಳ್ಳಿ. ಎಲ್ಲ ಖರ್ಚು ಹೋಗಿ, ಮನೆಯವರ ದುಡಿಮೆಗೂ ಸಂಬಳ ಕಳೆದು, ವರ್ಷಕ್ಕೆ 7 ಲಕ್ಷ ಉಳಿಯುತ್ತದೆ. ಮಾಲೀಕರು ಹೇಳುತ್ತಾರೆ, ಜಾಗ–ಕಟ್ಟಡಕ್ಕೆ ಇಷ್ಟು, ಹೋಂಸ್ಟೇ ಚೆನ್ನಾಗಿ ಓಡ್ತಿದೆ, ಅದಕ್ಕೆ ಮೇಲೆ 40 ಲಕ್ಷ. ನಾನು ಕೇಳುವ ಪ್ರಶ್ನೆ ಒಂದೇ: ಇದೇ ಕಟ್ಟಡವನ್ನು ಬೇರೆಯವರಿಗೆ ಲೀಸಿಗೆ ಕೊಟ್ಟರೆ ತಿಂಗಳಿಗೆ ಎಷ್ಟು ಬರುತ್ತದೆ? 40 ಸಾವಿರ ಅನ್ನುತ್ತಾರೆ. ಅಂದರೆ ವರ್ಷಕ್ಕೆ 4 ಲಕ್ಷ 80 ಸಾವಿರ ಕಟ್ಟಡವೇ ದುಡಿಯುತ್ತಿದೆ. ಅದರ ಬೆಲೆಯನ್ನು ಜಾಗದ ಲೆಕ್ಕದಲ್ಲಿ ಆಗಲೇ ಕೇಳಿಯಾಗಿದೆ. ವ್ಯಾಪಾರ ದುಡಿಯುತ್ತಿರುವುದು ಉಳಿದ 2 ಲಕ್ಷ 20 ಸಾವಿರ ಮಾತ್ರ. ಅದಕ್ಕೆ ಮೂರು ಪಟ್ಟು ಕೊಟ್ಟರೂ 6 ಲಕ್ಷ 60 ಸಾವಿರ. 40 ಲಕ್ಷ ಎಲ್ಲಿಂದ ಬರಬೇಕು?

ಇದನ್ನು ಕೇಳಿ ಬೇಜಾರಾದವರೇ ಜಾಸ್ತಿ. ಆದರೆ ಇದೇ ಲೆಕ್ಕ ಇನ್ನೊಂದು ಕಡೆ ಲಾಭವನ್ನೂ ತೋರಿಸುತ್ತದೆ. ಬಾಡಿಗೆ ಮಳಿಗೆಯಲ್ಲಿ ಅಂಗಡಿ ಇಟ್ಟವರು "ನಂಗೇನಿದೆ ಮಾರೋಕೆ, ಜಾಗ ನಂದಲ್ಲ" ಅಂತ ಕೈಚೆಲ್ಲುತ್ತಾರೆ. ಅವರಿಗೆ ಮಾರಲು ಇರುವುದು ವ್ಯಾಪಾರ. ಅದಕ್ಕೂ ಒಳ್ಳೆಯ ಬೆಲೆ ಇರಬಹುದು.

ಜಮ್ಮಾ ಜಾಗದವರಿಗೆ, ಅಂದರೆ ತಲೆತಲಾಂತರದಿಂದ ಮನೆತನಕ್ಕೆ ಸೇರಿ ಬಂದ ಜಾಗದವರಿಗೆ, ಒಂದು ಮಾತು. ಆರ್‌ಟಿಸಿಯಲ್ಲಿ ಪಟ್ಟೇದಾರರಾಗಿ ಹಿರಿಯರ ಹೆಸರಿದ್ದು, ಒಕ್ಕದ (ಒಂದೇ ಮನೆತನದ) ಹತ್ತಾರು ಮಂದಿಗೆ ಹಕ್ಕಿರುವ ಜಾಗದಲ್ಲಿ ನಿಮ್ಮ ಹೋಂಸ್ಟೇ ನಿಂತಿದ್ದರೆ, ಜಾಗವನ್ನು ಮಾರುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಆಗ ವ್ಯಾಪಾರವನ್ನು ಮಾತ್ರ ಮಾರಿ, ಜಾಗವನ್ನು ಒಕ್ಕದವರೆಲ್ಲರ ಸಹಿಯೊಂದಿಗೆ ಲೀಸಿಗೆ ಕೊಡುವ ದಾರಿ ನೋಡಬೇಕು. ಕಟ್ಟಡದ ಜಾಗಕ್ಕೆ ಕನ್ವರ್ಷನ್ ಆಗಿದೆಯಾ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿಕೊಂಡಿದ್ದೀರಾ ಅಂತ ಕೊಳ್ಳುವವರ ವಕೀಲರು ಮೊದಲ ದಿನವೇ ಕೇಳುತ್ತಾರೆ. ಆಗಿಲ್ಲದಿದ್ದರೆ ಬೆಲೆ ಮಾತಾಡುವ ಮೊದಲೇ ಮಾತು ನಿಲ್ಲುತ್ತದೆ.

ಪುಸ್ತಕದ ಲಾಭ ನಿಜವಾದ ಲಾಭ ಅಲ್ಲ

ಕಳೆದ ವರ್ಷ ವಿರಾಜಪೇಟೆ ಕಡೆಯಿಂದ ಒಬ್ಬ ಅಕ್ಕ ಬಂದಿದ್ದರು. ಅವರದೂ ಕಾಫಿಪುಡಿ ಅಂಗಡಿ. ಅದಕ್ಕೇ ನನಗೆ ಆ ಫೈಲಿನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ಗುರುತು ಸಿಗದ ಹಾಗೆ ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಅದೇ.

ರಿಟರ್ನ್‌ನಲ್ಲಿ ತೋರಿಸಿದ ಲಾಭ 6 ಲಕ್ಷ 20 ಸಾವಿರ. ಹಿಂದಿನ ಎರಡು ವರ್ಷವೂ ಹೆಚ್ಚುಕಮ್ಮಿ ಅಷ್ಟೇ. ಕೊಳ್ಳುವವರಿಗೆ ಈ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಯಾಕೆಂದರೆ ಇದರೊಳಗೆ ಮನೆಯೂ ಇದೆ, ಅಂಗಡಿಯೂ ಇದೆ. ಬಿಡಿಸಬೇಕು.

ಸೇರಿಸಬೇಕಾದ್ದು ಮೊದಲು. ಮನೆಯ ಜೀಪಿನ ಡೀಸೆಲ್, ಇನ್ಶೂರೆನ್ಸ್ ಅಂಗಡಿ ಖರ್ಚಿನಲ್ಲಿತ್ತು, 90 ಸಾವಿರ. ಗಾಳಿಮಳೆಗೆ ಹಾರಿಹೋದ ಶೀಟು ರಿಪೇರಿ 1 ಲಕ್ಷ 10 ಸಾವಿರ. ಅದು ಪ್ರತಿ ವರ್ಷ ಬರುವ ಖರ್ಚಲ್ಲ. ಮೆಷಿನ್ ಸವಕಳಿ 80 ಸಾವಿರ. ಅದು ಪುಸ್ತಕದಲ್ಲಿ ಬರೆಯುವ ಖರ್ಚು, ಆ ವರ್ಷ ಕೈಯಿಂದ ಹೋದ ದುಡ್ಡಲ್ಲ. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಸಾಲದ ಬಡ್ಡಿ 70 ಸಾವಿರ. ಸಾಲ ಅಕ್ಕನದು, ಹೊಸಬರು ಹೇಗೆ ದುಡ್ಡು ಹೊಂದಿಸುತ್ತಾರೋ ಅದು ಅವರ ವಿಷಯ. ಒಟ್ಟು 9 ಲಕ್ಷ 70 ಸಾವಿರ ಆಯಿತು.

ಇಲ್ಲಿಗೇ ನಿಲ್ಲಿಸಿದರೆ ಅದು ಮೋಸ. ಕಳೆಯಬೇಕಾದ್ದೂ ಇದೆ. ಅಕ್ಕನ ನಾದಿನಿ ದಿನಾ ಮಧ್ಯಾಹ್ನ ಬಂದು ಪ್ಯಾಕಿಂಗ್ ಮಾಡುತ್ತಿದ್ದರು, ಸಂಬಳ ಇಲ್ಲ. ಹೊಸ ಮಾಲೀಕರಿಗೆ ಯಾವ ನಾದಿನಿ ಬರುತ್ತಾರೆ? ಅವರು ಆಳು ಇಡಬೇಕು, ವರ್ಷಕ್ಕೆ ಒಂದೂವರೆ ಲಕ್ಷ. ಮಳಿಗೆ ಅಕ್ಕನ ಅಣ್ಣನದು. ತಿಂಗಳಿಗೆ 4 ಸಾವಿರ ಬಾಡಿಗೆ, ಅದೂ ತಂಗಿ ಅನ್ನುವ ಕಾರಣಕ್ಕೆ. ಪಕ್ಕದ ಮಳಿಗೆಗೆ 11 ಸಾವಿರ. ವ್ಯತ್ಯಾಸ ವರ್ಷಕ್ಕೆ 84 ಸಾವಿರ. ಇವೆರಡನ್ನೂ ಕಳೆದಾಗ ಉಳಿದದ್ದು 7 ಲಕ್ಷ 36 ಸಾವಿರ.

ಈ ಅಂಕಿಯನ್ನು ನಾನು ಮಾಲೀಕರ ದುಡಿಮೆ ಅನ್ನುತ್ತೇನೆ. ಅಂಗಡಿಯಲ್ಲಿ ದಿನಪೂರ್ತಿ ನಿಂತು ದುಡಿಯುವ ಒಬ್ಬ ಮಾಲೀಕರ ಕೈಗೆ ವರ್ಷಕ್ಕೆ ಸಿಗುವ ಒಟ್ಟು ಹಣ ಅದು. ಅದರಿಂದ ಅಕ್ಕನ ಕೆಲಸಕ್ಕೆ, ಅಂದರೆ ಹುರಿದು, ಬೀಸಿ, ಗಲ್ಲಾದಲ್ಲಿ ಕೂರುವುದಕ್ಕೆ, ತಿಂಗಳಿಗೆ 25 ಸಾವಿರದಂತೆ 3 ಲಕ್ಷ ಸಂಬಳ ಕಳೆದರೆ 4 ಲಕ್ಷ 36 ಸಾವಿರ. ಮೆಷಿನ್‌ಗಳನ್ನು ಕಾಲಕಾಲಕ್ಕೆ ಬದಲಿಸಲು ವರ್ಷಕ್ಕೆ 60 ಸಾವಿರ ಎತ್ತಿಟ್ಟರೆ 3 ಲಕ್ಷ 76 ಸಾವಿರ. ಇದು ಅಂಗಡಿಯ ಸ್ವಂತ ಲಾಭ.

ಸಂಬಳ ಕಳೆದ ಮೇಲೆ ಏನೂ ಉಳಿಯದ ಅಂಗಡಿಗಳೂ ಇವೆ. ಹೇಳುವಾಗ ನನಗೆ ಕಷ್ಟವಾಗುತ್ತದೆ. ಅವರು ಅಷ್ಟು ವರ್ಷ ತಮಗೆ ತಾವೇ ಒಂದು ಕೆಲಸ ಕೊಟ್ಟುಕೊಂಡಿದ್ದರು, ಅಷ್ಟೇ. ಅಂಥ ಕಡೆ ಸಾಮಾನಿನ ಬೆಲೆಯೇ ಗತಿ.

ಸಾಮಾನಿನ ಲೆಕ್ಕ

ಅಪ್ಪನ ಅಂಗಡಿಗೆ ಹಾಕಿದ್ದು ಇದೇ. ಇರುವ ವಸ್ತುಗಳನ್ನೆಲ್ಲ ಇವತ್ತಿನ ಬೆಲೆಗೆ ಕೂಡಿಸಿ ಸಾಲ ಕಳೆಯುವುದು. ಅಕ್ಕನ ಅಂಗಡಿಯಲ್ಲಿ ರೋಸ್ಟರ್ ಮೂರೂವರೆ ಲಕ್ಷ, ಗ್ರೈಂಡರ್ 80 ಸಾವಿರ, ಪ್ಯಾಕಿಂಗ್ ಮೆಷಿನ್ 40 ಸಾವಿರ, ಕೌಂಟರ್–ಶೆಲ್ಫು 50 ಸಾವಿರ, ಮಳಿಗೆಯ ಅಡ್ವಾನ್ಸ್ 1 ಲಕ್ಷ. ಒಟ್ಟು 6 ಲಕ್ಷ 20 ಸಾವಿರ. ಸ್ಟಾಕು ಬೇರೆ, ಅದು 2 ಲಕ್ಷ 60 ಸಾವಿರದಷ್ಟಿತ್ತು.

ಇಲ್ಲಿ ಪುಸ್ತಕದ ಬೆಲೆಯನ್ನು ನಂಬಬೇಡಿ. ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ ಮೆಷಿನರಿಗೆ ವರ್ಷಕ್ಕೆ ಶೇ. 15ರಂತೆ ಸವಕಳಿ ಹೋಗುತ್ತದೆ. 6 ಲಕ್ಷದ ಮೆಷಿನ್ ಎಂಟು ವರ್ಷ ಆದಮೇಲೆ ಪುಸ್ತಕದಲ್ಲಿ 1 ಲಕ್ಷ 63 ಸಾವಿರ ಅಂತ ಕಾಣುತ್ತದೆ. ಚೆನ್ನಾಗಿ ಇಟ್ಟುಕೊಂಡಿದ್ದರೆ ಅದಕ್ಕೆ ಅದರ ಎರಡು ಪಟ್ಟು ಕೊಡುವವರು ಸಿಗಬಹುದು. ಕೆಟ್ಟು ನಿಂತಿದ್ದರೆ ಗುಜರಿ ಬೆಲೆಯೂ ಸಿಗುವುದಿಲ್ಲ. ಮೆಷಿನ್ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದು ತೋರಿಸಿ, ಅದೇ ಸರಿಯಾದ ದಾರಿ.

ಈ ಲೆಕ್ಕ ಯಾರಿಗೆ ಸರಿ? ವರ್ಷದಲ್ಲಿ ಮೂರು ತಿಂಗಳು ಮಾತ್ರ ಓಡುವ ಹಳೇ ಕಾಫಿ ಹಲ್ಲಿಂಗ್ ಮಿಲ್ಲು, ನಷ್ಟದಲ್ಲಿರುವ ಅಕ್ಕಿ ಮಿಲ್ಲು, ಮುಚ್ಚುವುದೇ ಗಟ್ಟಿ ಎಂದು ತೀರ್ಮಾನಿಸಿದ ಅಂಗಡಿ. ಉಳಿದವರಿಗೆ ಇದು ತಳ ಮಾತ್ರ. ಇದಕ್ಕಿಂತ ಕೆಳಗೆ ಇಳಿಯಬೇಡಿ, ಇಲ್ಲಿಗೇ ನಿಲ್ಲಲೂ ಬೇಡಿ.

ದುಡಿಮೆಯ ಪಟ್ಟು, ಲಾಭದ ಬಂಡವಾಳ

ಮನೆಮಂದಿ ನಡೆಸುವ ಸಣ್ಣ ವ್ಯಾಪಾರಕ್ಕೆ ನಾನು ಮೊದಲು ಹಾಕುವ ಲೆಕ್ಕ ಮಾಲೀಕರ ದುಡಿಮೆಯ ಪಟ್ಟು. 7 ಲಕ್ಷ 36 ಸಾವಿರಕ್ಕೆ ಎರಡು ಪಟ್ಟು ಅಂದರೆ 14 ಲಕ್ಷ 72 ಸಾವಿರ. ಅಮೆರಿಕದಲ್ಲಿ ಸಣ್ಣ ಅಂಗಡಿ, ಹೋಟೆಲು, ವರ್ಕ್‌ಶಾಪುಗಳನ್ನು ಮಾರಿಸುವ ದಲ್ಲಾಳಿಗಳು ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಿನ ಆಸುಪಾಸಿನಲ್ಲಿ ಮಾತು ಶುರುಮಾಡುತ್ತಾರೆ. ನಾನು ನಮ್ಮ ಕಡೆ ಒಂದೂವರೆಯಿಂದ ಎರಡೂವರೆಯೊಳಗೆ ಇರುತ್ತೇನೆ. ಇಲ್ಲಿ ಕೊಳ್ಳುವವರೇ ಕಮ್ಮಿ, ಮಳೆಗಾಲ ಉದ್ದ.

ಮಾಲೀಕರು ದಿನಾ ಬರದಿದ್ದರೂ ನಡೆಯುವ ವ್ಯಾಪಾರಕ್ಕೆ ಎರಡನೇ ಲೆಕ್ಕ ಚೆನ್ನ. ಮ್ಯಾನೇಜರ್ ಇರುವ ಪೆಟ್ರೋಲ್ ಬಂಕು, ಮೂರು ಕಡೆ ಅಂಗಡಿ ಇರುವ ಬೇಕರಿ, ಅಂಥವು. ಅಲ್ಲಿ ಸಂಬಳವೆಲ್ಲ ಕಳೆದ ಸ್ವಂತ ಲಾಭವನ್ನು ತೆಗೆದುಕೊಂಡು, ಕೊಳ್ಳುವವರು ತಮ್ಮ ಹಣಕ್ಕೆ ವರ್ಷಕ್ಕೆ ಶೇಕಡಾ ಎಷ್ಟು ಬಯಸುತ್ತಾರೋ ಅದರಿಂದ ಭಾಗಿಸುವುದು. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಮಲಗಿದರೂ ಬಡ್ಡಿ ಬರುತ್ತದೆ. ಅಂಗಡಿಗೆ ಹಾಕಿದರೆ ನಿದ್ದೆಗೆಡಬೇಕು, ಮುಳುಗುವ ಭಯವೂ ಇದೆ. ಹಾಗಾಗಿ ಶೇ. 20ರಿಂದ 35 ಕೇಳುವುದು ನ್ಯಾಯ. ಅಕ್ಕನ ಅಂಗಡಿಗೆ ಶೇ. 25 ಹಿಡಿದರೆ, 3 ಲಕ್ಷ 76 ಸಾವಿರಕ್ಕೆ 15 ಲಕ್ಷ 4 ಸಾವಿರ. ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಹತ್ತಿರ ಹತ್ತಿರ ಬಂದಿತು ನೋಡಿ. ಹೀಗೆ ಬಂದಾಗ ನನಗೆ ಧೈರ್ಯ. ಒಂದು 8, ಇನ್ನೊಂದು 20 ಅಂತ ಬಂದರೆ ದುಡಿಮೆ ಬಿಡಿಸಿದ್ದರಲ್ಲಿ ಎಲ್ಲೋ ತಪ್ಪಿದೆ ಎಂದರ್ಥ.

ಮೂರನೆಯದು ಕಾಮರ್ಸ್ ಓದಿದವರಿಗೆ ಪಿಯುಸಿಯಿಂದಲೇ ಗೊತ್ತಿರುವ ಸೂಪರ್ ಪ್ರಾಫಿಟ್. ಹಾಕಿದ ಬಂಡವಾಳಕ್ಕೆ ಮಾಮೂಲಿಯಾಗಿ ಬರಬೇಕಾದ ಲಾಭವನ್ನು ಕಳೆದು, ಅದಕ್ಕಿಂತ ಜಾಸ್ತಿ ಬಂದದ್ದನ್ನು ಗುಡ್‌ವಿಲ್, ಅಂದರೆ ವ್ಯಾಪಾರದ ಹೆಸರು ಮತ್ತು ಗಿರಾಕಿಯ ಬೆಲೆ, ಅಂತ ಲೆಕ್ಕ ಹಾಕುವುದು. ಇದೇ ಯೋಚನೆಯ ಒಂದು ಲೆಕ್ಕವನ್ನು 1920ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಬಳಸಿತು. ಅಲ್ಲಿ ಮದ್ಯ ನಿಷೇಧವಾಗಿ ಬಿಯರ್ ಕಾರ್ಖಾನೆಗಳು ಮುಚ್ಚಿದ್ದವು. ಕಟ್ಟಡ, ಪೀಪಾಯಿ ಇದ್ದಲ್ಲೇ ಇದ್ದವು, ಹೋದದ್ದು ಹೆಸರು ಮತ್ತು ಗಿರಾಕಿ. ಹೋದದ್ದರ ಬೆಲೆ ಎಷ್ಟು ಅಂತ ಕಂಡುಹಿಡಿಯಬೇಕಾಗಿತ್ತು. ನಮ್ಮಪ್ಪನ ಹಾಳೆಯ ಬೆಲೆಯೂ ಈ ಲೆಕ್ಕದಲ್ಲೇ ಸಿಗುತ್ತಿತ್ತು.

ಅಕ್ಕನ ಅಂಗಡಿಗೆ ಹಾಕಿ ನೋಡೋಣ. ಸಾಮಾನು, ಸ್ಟಾಕು ಸೇರಿ 8 ಲಕ್ಷ 80 ಸಾವಿರ. ಅದಕ್ಕೆ ಶೇ. 12ರಂತೆ ಮಾಮೂಲಿ ಲಾಭ 1 ಲಕ್ಷದ 5 ಸಾವಿರದ 600. ನಿಜವಾಗಿ ಬಂದದ್ದು 3 ಲಕ್ಷ 76 ಸಾವಿರ. ಜಾಸ್ತಿ ಬಂದದ್ದು ಸುಮಾರು 2 ಲಕ್ಷ 70 ಸಾವಿರ. ಮೂರು ವರ್ಷದ್ದು ಅಂದರೆ 8 ಲಕ್ಷ 10 ಸಾವಿರ ಗುಡ್‌ವಿಲ್. ಸಾಮಾನಿನ 6 ಲಕ್ಷ 20 ಸಾವಿರ ಕೂಡಿಸಿದರೆ 14 ಲಕ್ಷ 30 ಸಾವಿರ, ಸ್ಟಾಕು ಬಿಟ್ಟು.

ಈ ಲೆಕ್ಕದ ಗುಣ ಏನೆಂದರೆ, ಯಾವುದಕ್ಕೆ ಎಷ್ಟು ಅಂತ ಬಿಡಿಸಿ ತೋರಿಸುತ್ತದೆ. ಪಾಲುದಾರರಲ್ಲಿ ಒಬ್ಬರು ಬಿಟ್ಟುಹೋಗುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಇದನ್ನೇ ಬಳಸಿ. ಜಗಳ ಕಮ್ಮಿಯಾಗುತ್ತದೆ. ಒಂದು ಎಚ್ಚರ: ಮೂರರಲ್ಲಿ ಒಂದು ಪಾಲನ್ನು ಹೊರಗಿನವರು ಕೊಂಡರೆ ಒಟ್ಟು ಬೆಲೆಯ ಮೂರನೇ ಒಂದು ಭಾಗ ಕೊಡುವುದಿಲ್ಲ. ಉಳಿದ ಇಬ್ಬರು ಒಂದಾದರೆ ಹೊಸಬರ ಮಾತು ನಡೆಯುವುದಿಲ್ಲ ಅಂತ ಅವರಿಗೂ ಗೊತ್ತು. ಮನೆಯೊಳಗೇ ಕೊಳ್ಳುವಾಗ ಆ ಕಡಿತ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಸ್ಟಾಕಿನ ಬಗ್ಗೆ ಒಂದು ಮಾತು. ಶುದ್ಧ ಲೆಕ್ಕದವರು, ಅಂಗಡಿ ನಡೆಯಲು ಬೇಕಾದ ಮಾಮೂಲಿ ಸ್ಟಾಕು ಬೆಲೆಯೊಳಗೇ ಸೇರಿರಬೇಕು ಅನ್ನುತ್ತಾರೆ. ನಮ್ಮ ಕಡೆಯ ರೂಢಿ ಬೀಗದ ಕೈ ಕೊಡುವ ದಿನ ಎಣಿಸಿ, ಕೊಂಡ ಬೆಲೆಗೆ ಬೇರೆ ದುಡ್ಡು ತೆಗೆದುಕೊಳ್ಳುವುದು. ಯಾವುದಾದರೂ ಸರಿ, ಬೆಲೆ ಮಾತಾಡುವ ಮೊದಲೇ ಬರೆದುಕೊಳ್ಳಿ.

ಇನ್ನು ಐದು ವರ್ಷದ ಮುಂದಿನ ಆದಾಯವನ್ನೆಲ್ಲ ಅಂದಾಜು ಮಾಡಿ ಇವತ್ತಿನ ಬೆಲೆಗೆ ಇಳಿಸುವ ಡಿಸಿಎಫ್ ಲೆಕ್ಕ. ಬೆಂಗಳೂರಿನಿಂದ ಬರುವವರು ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸುವುದು ಹೆಚ್ಚಾಗಿ ಇದನ್ನೇ. ರೆಸಾರ್ಟುಗಳೊಂದಿಗೆ ಮೂರು ವರ್ಷದ ಸರಬರಾಜು ಒಪ್ಪಂದ ಸಹಿಯಾಗಿದ್ದರೆ ಇದು ಒಳ್ಳೆಯ ಲೆಕ್ಕ. ಸಹಿ ಇಲ್ಲದಿದ್ದರೆ ಬೇಡ. ಒಂದು ಅಂಕಿಯನ್ನು ಎರಡು ಪರ್ಸೆಂಟ್ ಆಚೀಚೆ ಮಾಡಿದರೆ ಬೆಲೆ ಲಕ್ಷಗಟ್ಟಲೆ ಹಾರುತ್ತದೆ.

"ಆ ಅಂಗಡಿ ಅಷ್ಟಕ್ಕೆ ಹೋಯಿತಂತೆ" ಅನ್ನುವ ಊರ ಮಾತಿನ ಲೆಕ್ಕವೂ ಉಂಟು. ಅದರೊಳಗೆ ಜಾಗ ಇತ್ತಾ, ಸಾಲ ಇತ್ತಾ, ಸ್ಟಾಕು ಇತ್ತಾ ಯಾರಿಗೂ ಗೊತ್ತಿರುವುದಿಲ್ಲ. ಕೇಳಿಸಿಕೊಳ್ಳಿ, ಅದರ ಮೇಲೆ ಬೆಲೆ ಕಟ್ಟಬೇಡಿ.

ಯಾವ ವರ್ಷದ ಲಾಭ?

ಕೊಡಗಿನಲ್ಲಿ ಈ ಪ್ರಶ್ನೆ ಬೇರೆ ಊರಿಗಿಂತ ದೊಡ್ಡದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಪ್ರವಾಸಿಗಳಿಲ್ಲದೆ ಹೋಂಸ್ಟೇಗಳು ಖಾಲಿ ಬಿದ್ದವು. 2019ರಲ್ಲಿ ಮತ್ತೆ ಮಳೆ, 2020ರಲ್ಲಿ ಕೊರೊನಾ. ಆಮೇಲೆ ವೀಕೆಂಡ್ ಬಂದರೆ ರಾಜಾಸೀಟಿನ ಹತ್ತಿರ ಗಾಡಿ ನಿಲ್ಲಿಸಲು ಜಾಗ ಸಿಗದ ಕಾಲವೂ ಬಂತು. ಮಾರುವವರು ಈ ಒಳ್ಳೆಯ ವರ್ಷ ತೋರಿಸುತ್ತಾರೆ, ಕೊಳ್ಳುವವರು ಆ ಕೆಟ್ಟ ವರ್ಷ ಹೇಳುತ್ತಾರೆ.

ಕಾಫಿಗೆ ಸಂಬಂಧಪಟ್ಟ ವ್ಯಾಪಾರದಲ್ಲೂ ಹೀಗೇ. 2024–25ರಲ್ಲಿ ಕಾಫಿ ದರ ಹಿಂದೆಂದೂ ಕಾಣದಷ್ಟು ಏರಿತು. ಚೆರಿ ಕೊಂಡು ಮಾರುವವರಲ್ಲಿ ಹಳೇ ಸ್ಟಾಕು ಇಟ್ಟಿದ್ದವರಿಗೆ ಆ ವರ್ಷ ಬಂಗಾರ. ಆದರೆ ಪುಡಿ ಅಂಗಡಿಯವರಿಗೆ ಬೀಜದ ಬೆಲೆ ಏರಿ, ಪುಡಿಯ ಬೆಲೆಯನ್ನು ಅಷ್ಟೇ ಬೇಗ ಏರಿಸಲಾಗದೆ ಲಾಭ ಕುಗ್ಗಿತು. ಒಂದೇ ಜಿಲ್ಲೆ, ಒಂದೇ ಕಾಫಿ. ಅರೇಬಿಕಾ ಗಿಡ ಒಂದು ವರ್ಷ ತುಂಬಿದರೆ ಮರುವರ್ಷ ಸೊರಗುತ್ತದೆ. ಹೂಮಳೆ ತಪ್ಪಿದರೆ ರೊಬಸ್ಟಾ ಕೈಕೊಡುತ್ತದೆ. ಹಾಗಾಗಿ ಒಂದು ವರ್ಷದ ಲಾಭಕ್ಕೆ ಪಟ್ಟು ಹಾಕಿ ಯಾರಾದರೂ ಬೆಲೆ ಹೇಳಿದರೆ ಎದ್ದು ಬನ್ನಿ. ಸಾದಾ ವ್ಯಾಪಾರಕ್ಕೆ ಮೂರು ವರ್ಷ, ಪ್ರವಾಸಿ ಮತ್ತು ಕಾಫಿ ನೆಚ್ಚಿದ ವ್ಯಾಪಾರಕ್ಕೆ ಕನಿಷ್ಠ ಐದು ವರ್ಷ ನೋಡಬೇಕು. ಅದರಲ್ಲಿ ಒಂದಾದರೂ ಕೆಟ್ಟ ಮಳೆಯ ವರ್ಷ ಇರಲಿ. ಆ ವರ್ಷವೂ ಸಂಬಳ, ಬಾಡಿಗೆ ಕೊಟ್ಟು ನಿಂತ ವ್ಯಾಪಾರಕ್ಕೆ ನಾನು ಪಟ್ಟು ಜಾಸ್ತಿ ಕೇಳುತ್ತೇನೆ, ಸಂಕೋಚವಿಲ್ಲದೆ.

ಒಂದೂವರೆ ಪಟ್ಟೋ, ಎರಡೂವರೆಯೋ?

ಇದನ್ನು ನಿರ್ಧರಿಸುವುದು ಗುಡ್‌ವಿಲ್ ಯಾರ ಜೊತೆ ಹೋಗುತ್ತದೆ ಅನ್ನುವುದು. ಮುಂಬೈಯ ಒಂದು ಸಿನಿಮಾ ಥಿಯೇಟರಿನ ಗುಡ್‌ವಿಲ್ ಬಗ್ಗೆ 1961ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆದಿತ್ತು. ಗುಡ್‌ವಿಲ್ ಅಂದರೆ ಬರೀ ಜಾಗದ ಮಹಿಮೆ ಅಲ್ಲ, ಸೇವೆ, ವ್ಯಾಪಾರದ ಹೆಸರು, ನಡೆಸುವವರ ಪ್ರಾಮಾಣಿಕತೆ, ಪೈಪೋಟಿ ಇಲ್ಲದಿರುವುದು ಇವೆಲ್ಲ ಸೇರುತ್ತವೆ ಅಂತ ಕೋರ್ಟು ಹೇಳಿತು. ನಾನು ಯಾವುದೇ ಅಂಗಡಿಗೆ ಹೋದಾಗ ಇವನ್ನೇ ಹುಡುಕುತ್ತೇನೆ.

ಅಕ್ಕನ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ. ಬಂದವರಲ್ಲಿ ಹೆಚ್ಚಿನವರು "ಅಕ್ಕ ಇಲ್ವಾ?" ಅಂತ ಕೇಳಲಿಲ್ಲ. "ಅರ್ಧ ಕೆಜಿ, ನಮ್ದು" ಅಂದರು. "ನಮ್ದು" ಅಂದರೆ ಯಾವ ಮಿಕ್ಸಿಂಗ್ ಅಂತ ಅಂಗಡಿಯ ಹುಡುಗನಿಗೆ ಗೊತ್ತಿತ್ತು. ಅದು ನನಗೆ ದೊಡ್ಡ ಸಾಕ್ಷಿ. ಗಿರಾಕಿ ಅಂಟಿಕೊಂಡಿರುವುದು ರುಚಿಗೆ. ಅಕ್ಕ ಹೋದರೂ ರುಚಿ ಉಳಿಯುತ್ತದೆ. ಎರಡು ಪಟ್ಟು ಹಾಕಲು ನನಗೆ ಧೈರ್ಯ ಬಂದದ್ದು ಅದರಿಂದ.

ಪಟ್ಟು ಇಳಿಸುವ ವಿಷಯಗಳೂ ಇದ್ದವು. ಮಾರಾಟದ ಮೂರನೇ ಒಂದು ಭಾಗ ಒಂದೇ ರೆಸಾರ್ಟಿಗೆ ಹೋಗುತ್ತಿತ್ತು. ಅವರು ಬೇರೆಯವರ ಹತ್ತಿರ ಕೊಂಡರೆ? ಬಾಡಿಗೆ ಕರಾರು 11 ತಿಂಗಳದ್ದು, ಅದೂ ಮುಗಿದಿತ್ತು. ಅಣ್ಣನನ್ನು ಕೂರಿಸಿ ಐದು ವರ್ಷದ ಕರಾರು ನೋಂದಣಿ ಮಾಡಿಸಿದೆವು. ಅದಕ್ಕೆ ಆದ ಖರ್ಚಿನ ಹತ್ತಾರು ಪಟ್ಟು ಬೆಲೆಯಲ್ಲಿ ವಾಪಸ್ ಬಂತು. ಮಾರಬೇಕು ಅಂತ ಮನಸ್ಸು ಮಾಡಿದವರು ಒಂದು ವರ್ಷ ಮೊದಲೇ ಇಂಥ ಕೆಲಸ ಮುಗಿಸಿಕೊಳ್ಳಿ.

ಹೋಂಸ್ಟೇಯಲ್ಲಿ ಇದು ಇನ್ನೂ ನಾಜೂಕು. ಗೆಸ್ಟುಗಳು ಬರುವುದು ಬೆಳಿಗ್ಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬಡಿಸುವ ಆಂಟಿಗಾಗಿ, ಸಂಜೆ ಬೆಂಕಿಯ ಹತ್ತಿರ ಕೂತು ಕಥೆ ಹೇಳುವ ಅಂಕಲ್‌ಗಾಗಿ. ಅವರಿಬ್ಬರೂ ಮಗನ ಮನೆಗೆ ಹೊರಟರೆ ಗೆಸ್ಟುಗಳೂ ಹೊರಟಂತೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಅವರ ಹೆಸರಲ್ಲಿರುತ್ತದೆ, ಹೊಸಬರು ತಮ್ಮ ಹೆಸರಿಗೆ ಮಾಡಿಸಬೇಕು. ಬುಕಿಂಗ್ ಆ್ಯಪುಗಳಲ್ಲಿರುವ ರಿವ್ಯೂಗಳು ಹೊಸ ಮಾಲೀಕರಿಗೆ ಸಿಗುತ್ತವಾ ಅಂತ ಮೊದಲೇ ಕೇಳಿಕೊಳ್ಳಬೇಕು. ಎಷ್ಟೋ ವರ್ಷದಿಂದ ಗೆಸ್ಟುಗಳು ಫೋನ್ ಮಾಡುವ ಆ ಒಂದು ಮೊಬೈಲ್ ನಂಬರನ್ನು ಮಾರಾಟದ ಕರಾರಿನಲ್ಲಿ ಬರೆಯಲು ಮರೆತ ಮನೆಯನ್ನು ನಾನು ನೋಡಿದ್ದೇನೆ. ಕೊಂಡವರು ಆರು ತಿಂಗಳು ಖಾಲಿ ರೂಮು ನೋಡಿಕೊಂಡು ಕೂತರು.

ಪುಸ್ತಕದಲ್ಲಿ ಇಲ್ಲದ ಲಾಭ

"ಲೆಕ್ಕದಲ್ಲಿ 4 ಲಕ್ಷ ತೋರಿಸಿದೀವಿ, ನಿಜವಾಗಿ 9 ಬರುತ್ತೆ" ಅನ್ನುವವರು ಬಹಳ. ಅವರಿಗೆ ನನ್ನ ಉತ್ತರ: ನಿಮಗೆ 4ಕ್ಕೇ ಬೆಲೆ ಸಿಗುತ್ತದೆ. ಕೊಳ್ಳುವವರು ಸಾಲಕ್ಕೆ ಹೋದರೆ ಬ್ಯಾಂಕು ಕೇಳುವುದು ನಿಮ್ಮ ಮೂರು ವರ್ಷದ ರಿಟರ್ನ್, ನಿಮ್ಮ ಬಾಯಿಮಾತನ್ನಲ್ಲ. ಉಳಿಸಿದ ತೆರಿಗೆಗಿಂತ ಕಳೆದುಕೊಂಡ ಬೆಲೆ ದೊಡ್ಡದಾಗಿರುತ್ತದೆ. ಕೈಗೆ ನಗದು ತೆಗೆದುಕೊಳ್ಳುವ ಆಸೆಯೂ ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತ ದಂಡ ಬೀಳಬಹುದು.

ಪೂರ್ತಿ ಒಟ್ಟಿಗೋ, ಬಿಡಿಬಿಡಿಯಾಗಿಯೋ?

ಬೆಲೆ ಎಷ್ಟು ಅನ್ನುವುದರಷ್ಟೇ ಮುಖ್ಯ, ಹೇಗೆ ಮಾರುತ್ತೀರಿ ಅನ್ನುವುದು. ನಡೆಯುತ್ತಿರುವ ವ್ಯಾಪಾರವನ್ನು ಸಾಲ, ಸಾಮಾನು, ಹೆಸರು ಸಮೇತ ಒಂದೇ ಬೆಲೆಗೆ ಪೂರ್ತಿ ವರ್ಗಾಯಿಸಿದರೆ ಅದರ ಮೇಲೆ ಜಿಎಸ್‌ಟಿ ಇಲ್ಲ. ಮೆಷಿನ್ ಇಷ್ಟಕ್ಕೆ, ಸ್ಟಾಕು ಇಷ್ಟಕ್ಕೆ ಅಂತ ಬಿಡಿಯಾಗಿ ಮಾರಿದರೆ ಆಯಾ ವಸ್ತುವಿನ ದರದಂತೆ ಜಿಎಸ್‌ಟಿ ಬೀಳುತ್ತದೆ. ಕೊಳ್ಳುವವರು ಹಳೇ ಸಾಲ, ಹಳೇ ತಕರಾರು ಬೇಡ ಅನ್ನುವುದಾದರೆ ಬಿಡಿಯನ್ನೇ ಕೇಳುತ್ತಾರೆ. ಲೆಕ್ಕ ಚೊಕ್ಕಟವಾಗಿದ್ದರೆ ನಾನು ಒಟ್ಟಿಗೆ ಮಾರುವುದನ್ನೇ ಹೇಳುತ್ತೇನೆ. ಜಾಗವೂ ಸೇರಿದ್ದರೆ ಅದಕ್ಕೆ ಸ್ಟ್ಯಾಂಪ್ ಡ್ಯೂಟಿ ಬೇರೆ. ಗೈಡೆನ್ಸ್ ವ್ಯಾಲ್ಯೂ, ಮಾರಾಟದ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ.

ಗುಡ್‌ವಿಲ್‌ಗೂ ತೆರಿಗೆ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಹಳೇ ಕೇಸಿದೆ. ಅಗರಬತ್ತಿ ಮಾಡುವ ಒಂದು ಪಾಲುದಾರಿಕೆ ಸಂಸ್ಥೆ 1965ರಲ್ಲಿ ವಿಸರ್ಜನೆಯಾದಾಗ ಗುಡ್‌ವಿಲ್‌ಗೆ ಒಂದೂವರೆ ಲಕ್ಷ ಬೆಲೆ ಕಟ್ಟಿದ್ದರು. ತಾನೇ ಬೆಳೆಸಿದ ಗುಡ್‌ವಿಲ್‌ಗೆ ಕೊಂಡ ಬೆಲೆ ಅನ್ನುವುದೇ ಇಲ್ಲ, ಹಾಗಾಗಿ ಲಾಭ ಲೆಕ್ಕ ಹಾಕಲಾಗದು, ತೆರಿಗೆ ಇಲ್ಲ ಅಂತ 1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ ಸರ್ಕಾರ ಕಾನೂನು ಬದಲಿಸಿ, ಕೊಂಡ ಬೆಲೆ ಸೊನ್ನೆ ಅಂತ ಮಾಡಿತು. ಈಗ ಬಂದ ಗುಡ್‌ವಿಲ್ ಹಣ ಪೂರ್ತಿ ಲಾಭ. ಕೈಗೆ ಎಷ್ಟು ಉಳಿಯುತ್ತದೆ ಅಂತ ಸಿಎ ಹತ್ತಿರ ಲೆಕ್ಕ ಹಾಕಿಸಿಯೇ ಬೆಲೆ ಒಪ್ಪಿಕೊಳ್ಳಿ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿರುವವರು ಷೇರು ಮಾರುವಾಗ ಕೆಲವು ಸಂದರ್ಭಗಳಲ್ಲಿ ನೋಂದಾಯಿತ ವ್ಯಾಲ್ಯೂಯರ್‌ ವರದಿಯೇ ಬೇಕಾಗುತ್ತದೆ. ಜಾಗ–ಕಟ್ಟಡಕ್ಕೆ ಬೇರೆ, ಮೆಷಿನರಿಗೆ ಬೇರೆ, ಷೇರಿಗೆ ಬೇರೆ ವ್ಯಾಲ್ಯೂಯರ್ ಇರುತ್ತಾರೆ. ಒಬ್ಬರ ವರದಿ ಇನ್ನೊಂದಕ್ಕೆ ನಡೆಯುವುದಿಲ್ಲ.

ಅಕ್ಕನ ಕರಾರು

ಕೊನೆಗೆ ಅಕ್ಕ 16 ಕೇಳಿದರು, ಕೊಳ್ಳುವವರು 12 ಅಂದರು. ಕುಶಾಲನಗರದ ಒಬ್ಬ ಹುಡುಗ, ಕೆಫೆ ನಡೆಸಿ ಅನುಭವ ಇದ್ದವನು. ಅವನ ಭಯ ಒಂದೇ, ರೆಸಾರ್ಟಿನವರು ಬಿಟ್ಟುಹೋದರೆ? ನ್ಯಾಯವಾದ ಭಯ. ಅದಕ್ಕೆ ಬೆಲೆ ಇಳಿಸುವ ಬದಲು ಹಣ ಕೊಡುವ ರೀತಿ ಬದಲಿಸಿದೆವು. 14 ಲಕ್ಷಕ್ಕೆ ಮಾತಾಯಿತು. 11 ಲಕ್ಷ ಬೀಗದ ಕೈ ಕೊಡುವ ದಿನ. ಉಳಿದ 3 ಲಕ್ಷ ಒಂದು ವರ್ಷ ಕಳೆದು, ರೆಸಾರ್ಟು ಹಿಂದಿನಷ್ಟೇ ಕೊಳ್ಳುತ್ತಿದ್ದರೆ. ಆ ಒಂದು ವರ್ಷದಲ್ಲಿ ಮೊದಲ ಮೂರು ತಿಂಗಳು ಅಕ್ಕ ಅಂಗಡಿಗೆ ಬಂದು ಹುರಿಯುವುದನ್ನು ಕಲಿಸಿಕೊಡಬೇಕು. ಸ್ಟಾಕು ಬೇರೆ.

ಮಾರಿದವರು ಎದುರು ಮಳಿಗೆಯಲ್ಲೇ ಹೊಸ ಅಂಗಡಿ ಇಟ್ಟರೆ ಕೊಂಡವರ ಗತಿ ಏನು? ವ್ಯಾಪಾರ ಮಾಡಬೇಡ ಅನ್ನುವ ಕರಾರು ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ 1872ರ ಕರಾರು ಕಾಯ್ದೆ ಒಂದು ಕಡೆ ಬಾಗಿಲು ತೆರೆದಿದೆ. ಗುಡ್‌ವಿಲ್ ಮಾರಿದವರು, ನ್ಯಾಯವೆನಿಸುವಷ್ಟು ಜಾಗದ ಮಿತಿಯೊಳಗೆ, ಅದೇ ವ್ಯಾಪಾರ ಮಾಡುವುದಿಲ್ಲ ಅಂತ ಬರೆದುಕೊಡಬಹುದು. ಕರಾರಿನಲ್ಲಿ ಗುಡ್‌ವಿಲ್ ಮಾರಿದ್ದು ಅಂತ ಸ್ಪಷ್ಟವಾಗಿ ಬರೆದಿರಬೇಕು. ಅಕ್ಕ ವಿರಾಜಪೇಟೆ ತಾಲ್ಲೂಕಿನೊಳಗೆ ಅಂತ ಬರೆದುಕೊಟ್ಟರು.

ಅಕ್ಕನ ಡೈನಿಂಗ್ ಟೇಬಲ್ ಹತ್ತಿರ ಕೂತು ವರ್ಗಾವಣೆಯ ಪಟ್ಟಿ ಬರೆದದ್ದು ನಾನೇ. ರೋಸ್ಟರ್, ಗ್ರೈಂಡರ್, ಪ್ಯಾಕಿಂಗ್ ಮೆಷಿನ್, ಅಂಗಡಿಯ ಹೆಸರು, ಬೋರ್ಡು, ಮೊಬೈಲ್ ನಂಬರ್, ಅದರ ವಾಟ್ಸ್ಆ್ಯಪ್ ಗ್ರೂಪು. ಒಂಬತ್ತನೇ ಸಾಲಿನಲ್ಲಿ ಮಿಕ್ಸಿಂಗ್ ಪುಸ್ತಕ ಅಂತ ಬರೆದೆ. ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಮ್ಮಿ ಇರಬಾರದು ಅನ್ನುವ ನಿಯಮಕ್ಕೆ ಪ್ರತಿ ಮಿಕ್ಸಿಂಗೂ ಹೊಂದುತ್ತದೆ ಅಂತ ಪಕ್ಕದಲ್ಲಿ ಒಂದು ಟಿಪ್ಪಣಿ. ಅಕ್ಕ ಇಣುಕಿ ನೋಡಿ, "ಅದನ್ನ ಯಾಕೆ ಬರೀತೀರಿ, ಅದು ಸುಮ್ನೆ ಕೊಡೋದು" ಅಂದರು. ಸುಮ್ನೆ ಕೊಡೋದಲ್ಲ ಅಕ್ಕ, 8 ಲಕ್ಷ ಇದರದ್ದೇ ಅಂದೆ. 11 ಲಕ್ಷ ಅಕೌಂಟಿಗೆ ಬಂದ ಮೆಸೇಜನ್ನು ಅವರು ಎರಡು ಸಲ ಓದಿದರು. ಆಮೇಲೆ ಎದ್ದು ಹೋಗಿ, ದೇವರ ಗೂಡಿನ ಪಕ್ಕದ ಡ್ರಾಯರಿನಿಂದ ಪುಸ್ತಕ ತಂದು ಆ ಹುಡುಗನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು.